ಜಾವಗಲ್ ದಾಟಿದ ಮೇಲೆ ಬರುತ್ತಿದ್ದ ವಾಸನೆ

ನನ್ನ ಮೂಗು ಕೆಲಸ ಮಾಡುವುದಿಲ್ಲ. ಉಸಿರಾಡಲು ಅಡ್ಡಿಯಿಲ್ಲ, ಕನ್ನಡಕ ನಿಲ್ಲಲೂ ಅಡ್ಡಿಯಿಲ್ಲ, ವಾಸನೆ ಮಾತ್ರ ತಿಳಿಯುವುದಿಲ್ಲ. ಮಿಡ್ಲ್ ಸ್ಕೂಲಿನಲ್ಲಿದ್ದಾಗ ಬಂದ ಒಂದು ಜ್ವರ ಹೋಗುವಾಗ ಅದನ್ನೂ ಕಟ್ಟಿಕೊಂಡು ಹೋಯಿತು. ಅಮ್ಮನನ್ನು ಬಿಟ್ಟರೆ ಈ ವಿಷಯ ಯಾರಿಗೂ ಗೊತ್ತಿರಲಿಲ್ಲ. ಕಣ್ಣು ಕಾಣದು, ಕಿವಿ ಕೇಳದು ಅಂದರೆ ಜನಕ್ಕೆ ಅರ್ಥವಾಗುತ್ತದೆ. ವಾಸನೆ ಬರದು ಅಂದರೆ ಮೊದಲು ನಗುತ್ತಾರೆ, ಆಮೇಲೆ ಮಲ್ಲಿಗೆ ಹೂವು ತಂದು ಮೂಗಿಗೆ ಹಿಡಿದು ಪರೀಕ್ಷೆ ಮಾಡುತ್ತಾರೆ. ಆ ಪರೀಕ್ಷೆಗೆ ಕೂರುವ ತಾಳ್ಮೆ ನನಗಿಲ್ಲ. ಹಾಗಾಗಿ ಯಾರಾದರೂ 'ಆಹಾ, ಏನು ಘಮ' ಅಂದರೆ ನಾನೂ ತಲೆಯಾಡಿಸುತ್ತಿದ್ದೆ, ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೂ ಸೆರಗು ಎತ್ತುತ್ತಿದ್ದೆ. ಹಾಲು ಸೀದದ್ದು, ಗ್ಯಾಸ್ ಸೋರಿದ್ದು ಎಲ್ಲ ಅಮ್ಮನ ಇಲಾಖೆ.

ಇಂಥ ನಾನು ಒಂದು ಕಾರು ಕೊಂಡೆ. ಹೊಸ ಶತಮಾನ ಶುರುವಾಗಿ ಮೂರ್ನಾಲ್ಕು ವರ್ಷವಾಗಿತ್ತು. ಮನೆ ಅರಸೀಕೆರೆಯಲ್ಲಿ, ಕೆಲಸ ಹಳೇಬೀಡಿನ ಒಂದು ಕಾಲೇಜಿನಲ್ಲಿ, ಪಿಯುಸಿ ಮಕ್ಕಳಿಗೆ ಗಣಿತ ಹೇಳುವುದು. ಬಸ್ಸಿನಲ್ಲಿ ನಿಂತು ನಿಂತು ಹಿಮ್ಮಡಿ ಒಡೆದಿದ್ದವು. ಬೆಂಗಳೂರಿನಿಂದ ಊರಿಗೆ ವಾಪಸು ಬಂದಿದ್ದ ಒಬ್ಬ ಡಾಕ್ಟರರು ತಮ್ಮ ಹಳೆಯ ಬಿಳಿ ಕಾರನ್ನು ಮಾರುತ್ತಾರೆಂದು ತಿಳಿದು ಹೋಗಿ ನೋಡಿದೆ. ಬೆಂಗಳೂರಿನ ಕಾಯಿದೆಗೆ ತಕ್ಕಂತೆ ಇದರ ಸೈಲೆನ್ಸರಿನ ಹತ್ತಿರ ಹೊಗೆ ಶುದ್ಧ ಮಾಡುವ ಒಂದು ಡಬ್ಬ ಇದೆ ಎಂದು ಅವರು ಹೆಮ್ಮೆಯಿಂದ ಹೇಳಿದ್ದರು. ನಾನು ಸೀಟಿನ ಕವರಿನ ಬಣ್ಣ ನೋಡುತ್ತಿದ್ದೆ.

ನಿಜ ಹೇಳಬೇಕೆಂದರೆ ಕಾರಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಅದರ ಪಕ್ಕದ ಸೀಟು. ನಮ್ಮ ಮನೆಯಿಂದ ಎರಡು ಬೀದಿ ಆಚೆ ನಮ್ಮ ಕಾಲೇಜಿನ ಇಂಗ್ಲಿಷ್ ಮೇಡಂ ಇದ್ದರು. ಬಸ್ಸಿನ ಕಾಲದಿಂದಲೂ ಒಂದೇ ಕಂಬಿ ಹಿಡಿದು ನಿಂತವರು ನಾವು. ಅವರದು ಮೊಟ್ಟೆ ಹೊಸ್ತಿಲು ದಾಟದ ಮನೆ. ನಾವು ಊರಾಚೆಯ ಕೇರಿಯಿಂದ ಬಂದವರು. ಅಪ್ಪ ರೈಲ್ವೆ ಗ್ಯಾಂಗಿಗೆ ಸೇರಿ ಅರಸೀಕೆರೆಗೆ ಬಂದ ಮೇಲೆ ಬೌದ್ಧರಾದರು, ನಮ್ಮ ಹಜಾರದಲ್ಲಿ ಈಗಲೂ ಬುದ್ಧನ ಪಟವೇ ಇರುವುದು. ನಾನು ಆ ಕಾಲೇಜಿಗೆ ಸೇರಿದ ಹೊಸದರಲ್ಲಿ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎಲ್ಲರ ಡಬ್ಬಿಗಳೂ ಆಚೆ ಈಚೆ ಓಡಾಡುತ್ತಿದ್ದವು, ನನ್ನದು ಮಾತ್ರ ಇಟ್ಟಲ್ಲೇ ಇರುತ್ತಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಒಂದು ದಿನ ಈ ಮೇಡಂ ಮಾತಾಡುತ್ತಾ ಮಾತಾಡುತ್ತಾ ಕೇಳದೆಯೇ ನನ್ನ ಡಬ್ಬಿಗೆ ಕೈ ಹಾಕಿ ಚಿತ್ರಾನ್ನ ತೆಗೆದುಕೊಂಡು, 'ನಿಂಬೆಹಣ್ಣು ಜಾಸ್ತಿ ಆಗಿದೆ' ಅಂದಿದ್ದರು. ಆವತ್ತಿನಿಂದ ಅವರು ನನ್ನವರು. ನಲವತ್ತರ ಹತ್ತಿರ ಬಂದವಳಿಗೆ ಹೊಸ ಗೆಳತಿ ಸಿಗುವುದು ಸಣ್ಣ ಮಾತಲ್ಲ.

ಹೀಗೆ ಕಾರಿನಲ್ಲಿ ನಾನು, ಪಕ್ಕದಲ್ಲಿ ಅವರು. ಜಾವಗಲ್ಲಿನಲ್ಲಿ ನಮ್ಮ ಆಫೀಸಿನ ಸೂಪರಿಂಟೆಂಡೆಂಟರು ಹತ್ತಿ ಹಿಂದೆ ಕೂರುತ್ತಿದ್ದರು. ನಿವೃತ್ತಿಗೆ ಹತ್ತಿರವಾದ, ಎಲ್ಲದಕ್ಕೂ 'ಬಿಡಿ ಮೇಡಂ' ಅನ್ನುವ ಮನುಷ್ಯ. ತೊಡೆಯ ಮೇಲೆ ಒಂದು ಬಟ್ಟೆ ಚೀಲ, ಅದರಲ್ಲಿ ಊಟದ ಕ್ಯಾರಿಯರ್.

ಕಾರು ಬಂದ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ, ಜಾವಗಲ್ ದಾಟಿ ಸ್ವಲ್ಪ ದೂರ ಹೋದ ಮೇಲೆ, ಇಂಗ್ಲಿಷ್ ಮೇಡಂ ಸೆರಗನ್ನು ಮೂಗಿಗೆ ಇಟ್ಟುಕೊಂಡರು. 'ಏನೋ ಸತ್ತಿರೋ ಹಾಗಿದೆ ಕಣ್ರೀ, ಇಲಿ ಏನಾದರೂ ಸೇರಿಕೊಂಡಿದೆಯಾ ನೋಡಿ' ಅಂದರು. ನಾನೂ ಮುಖ ಕಿವುಚಿ 'ಹೌದಲ್ವಾ' ಅಂದೆ. ಇಷ್ಟು ವರ್ಷದ ಅಭ್ಯಾಸ, ಬಾಯಿಗೆ ತಾನಾಗಿ ಬಂತು.

ಆ ಭಾನುವಾರ ಕಾರನ್ನು ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವನು ಸೀಟು ಬಿಚ್ಚಿ, ನೆಲದ ಮ್ಯಾಟು ಎತ್ತಿ, ಹಿಂದಿನ ಡಿಕ್ಕಿಯ ಮೂಲೆಯಿಂದ ಒಂದು ಒಡೆದ ತೆಂಗಿನಕಾಯಿಯನ್ನು ಹೊರಗೆಳೆದ. ಅಮ್ಮನ ತಮ್ಮನ ತೋಟದಿಂದ ಕಾಯಿ ತಂದಾಗ ಉರುಳಿ ಉಳಿದುಬಿಟ್ಟಿರಬೇಕು. 'ಕಾಯಿ ಕೊಳ್ತೈತೆ ಮೇಡಂ, ಇದೇ ನಿಮ್ಮ ಇಲಿ' ಅಂತ ನಕ್ಕ. ಅರಸೀಕೆರೆಯಲ್ಲಿ ಡಿಕ್ಕಿಯಲ್ಲಿ ತೆಂಗಿನಕಾಯಿ ಇಲ್ಲದ ಕಾರು ಯಾವುದಿದೆ? ಒಳಗೆಲ್ಲ ತೊಳೆಸಿ, ಬಿಸಿಲಿಗೆ ಬಾಗಿಲು ತೆಗೆದಿಟ್ಟೆ. ಸೋಮವಾರ ಮೇಡಂಗೆ ತೆಂಗಿನಕಾಯಿ ಕತೆ ಹೇಳಿ ಇಬ್ಬರೂ ನಕ್ಕೆವು. ಜಾವಗಲ್ ದಾಟಿತು. ಅವರ ನಗು ನಿಂತಿತು. ಮುಖ ಕಿಟಕಿಯ ಕಡೆ ತಿರುಗಿತು. ಆದರೆ ಅವರು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಒಂದು ಸಲ ಹೇಳಿ, ನಾನು ಕಾರು ತೊಳೆಸಿ ತಂದ ಮೇಲೆ ಮತ್ತೆ ಅದನ್ನೇ ಹೇಳುವುದು ಅವರಿಗೆ ಕಷ್ಟವಾಯಿತೆಂದು ಈಗ ಅನಿಸುತ್ತದೆ.

ಅಲ್ಲಿಂದ ಮುಂದೆ ನನಗೆ ಏನೂ ಅರ್ಥವಾಗದ ಕಾಲ ಶುರುವಾಯಿತು. ಜಾವಗಲ್ಲಿನ ತನಕ ನಮ್ಮ ಮಾತು ಮಾಮೂಲಿ. ಜಾವಗಲ್ ಆದ ಮೇಲೆ ಅವರು ಸುಮ್ಮನಾಗುತ್ತಿದ್ದರು. ಚಳಿಯಲ್ಲೂ ಗಾಜು ಇಳಿಸುತ್ತಿದ್ದರು. ಹಳೇಬೀಡಿನಲ್ಲಿ ಇಳಿದ ತಕ್ಷಣ ನೀರು ಕುಡಿಯಲು ಓಡುತ್ತಿದ್ದರು. ಲೆಕ್ಕದ ಮೇಷ್ಟ್ರಮ್ಮ ಅಲ್ಲವೇ, ನಾನು ಲೆಕ್ಕ ಹಾಕಿದೆ. ಜಾವಗಲ್ಲಿನಲ್ಲಿ ಹೊಸದಾಗಿ ಕಾರಿಗೆ ಸೇರುವುದು ಏನು? ಸೂಪರಿಂಟೆಂಡೆಂಟರು ಮತ್ತು ಅವರ ಕ್ಯಾರಿಯರ್. ಉತ್ತರ ಸಿಕ್ಕಿತು ಅಂದುಕೊಂಡೆ. ಪಾಪ, ಆ ಮನುಷ್ಯ ಕ್ಯಾರಿಯರನ್ನು ಮಗುವಿನ ಹಾಗೆ ಹಿಡಿದುಕೊಂಡು ಕೂತಿದ್ದರೆ ನಾನು ಕನ್ನಡಿಯಲ್ಲಿ ಅದನ್ನೇ ದುರುಗುಟ್ಟಿ ನೋಡುತ್ತಿದ್ದೆ.

ಒಂದು ದಿನ ಅವರನ್ನೇ ಕೇಳಿದೆ, ಆದಷ್ಟು ಹಗುರವಾಗಿ. 'ಸಾರ್, ಕಾರಲ್ಲಿ ಏನಾದ್ರೂ ವಾಸನೆ ಬರ್ತಿದೆಯಾ?'

ಅವರು ಗಾಬರಿ ಬಿದ್ದವರ ಹಾಗೆ ನೆಟ್ಟಗೆ ಕೂತರು. 'ಏನೂ ಇಲ್ಲ ಬಿಡಿ ಮೇಡಂ. ಕೆರೆ ಕಡೆಯಿಂದ ಗಾಳಿ ಬತ್ತಾ ಐತೆ, ಅದೇ ಇರಬೇಕು.' ಅಲ್ಲಿ ಆಸುಪಾಸಿನಲ್ಲಿ ಕೆರೆ ಇರಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವರು ಇಂಗ್ಲಿಷ್ ಮೇಡಂ ಕಡೆ ಏನೋ ಕಣ್ಣಲ್ಲೇ ಹೇಳುತ್ತಿದ್ದರು.

ಮುಂದಿನ ವಾರ ಮೇಡಂ ಫೋನ್ ಮಾಡಿ, 'ನಾಳೆಯಿಂದ ನಾನು ಬಸ್ಸಲ್ಲೇ ಬರ್ತೀನಿ ಕಣ್ರೀ, ಬಸ್ಸಲ್ಲಾದ್ರೆ ಸ್ವಲ್ಪ ನಿದ್ದೆ ಬರುತ್ತೆ' ಅಂದರು. ಆ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದಿಲ್ಲ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. 'ಆಗಲಿ, ನಿಮ್ಮಿಷ್ಟ' ಅಂತ ಫೋನ್ ಇಟ್ಟೆ. ಅಡುಗೆಮನೆಗೆ ಹೋಗಿ ಕಾರಣವಿಲ್ಲದೆ ಅಮ್ಮನ ಮೇಲೆ ರೇಗಿದೆ.

ಆಮೇಲೆ ಒಂದು ದಿನ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದವಳಿಗೆ ಒಳಗಿನಿಂದ ಅರ್ಧ ಮಾತು ಕೇಳಿಸಿತು. 'ಅವರ ಕಾರಲ್ಲಿ ವಾಸನೆ ಅಂತೆ, ಅದಕ್ಕೇ...' ನಾನು ಒಳಗೆ ಹೋದೆ. ಮಾತು ಡಿ.ಎ. ಹೆಚ್ಚಳದ ಕಡೆ ತಿರುಗಿತು.

ವಾಸನೆ ಎಂಬ ಪದ ನನಗೆ ಮೂಗಿನಿಂದ ಬಂದದ್ದಲ್ಲ, ಕಿವಿಯಿಂದ ಬಂದದ್ದು. ಮೂಗು ಸರಿಯಿದ್ದ ಕಾಲದಲ್ಲೇ, ಪ್ರೈಮರಿ ಸ್ಕೂಲಿನ ಬೆಂಚಿನಲ್ಲಿ ಪಕ್ಕದ ಹುಡುಗಿ ಎದ್ದು ಹೋಗಿ ಬೇರೆ ಕಡೆ ಕೂತಿದ್ದಳು. ಮೇಷ್ಟ್ರು ಯಾಕೆಂದು ಕೇಳಿದ್ದಕ್ಕೆ ಆ ಒಂದೇ ಪದ ಹೇಳಿದ್ದಳು. ಆವತ್ತು ಮನೆಗೆ ಬಂದು ಅಮ್ಮನ ಸೋಪು ಅರ್ಧ ಸವೆಯುವ ತನಕ ಕೈಕಾಲು ಉಜ್ಜಿಕೊಂಡಿದ್ದೆ. ಆಮೇಲೆ ಜ್ವರ ಬಂದು ಮೂಗು ಹೋದಾಗ, ನನ್ನ ಮೈಯ ವಾಸನೆ ಏನು ಎಂದು ತಿಳಿಯುವ ದಾರಿಯೇ ಇಲ್ಲವಾಯಿತು. ದಿನಕ್ಕೆ ಎರಡು ಸಲ ಸ್ನಾನ, ಬಟ್ಟೆಗೆ ಇಸ್ತ್ರಿ, ಪೌಡರು. ಇದನ್ನೆಲ್ಲ ನೋಡಿ ಜನ 'ಮೇಡಂ ತುಂಬಾ ನೀಟು' ಅನ್ನುತ್ತಿದ್ದರು.

ಈಗ ನನಗೆ ಬೇಕಾಗಿದ್ದದ್ದು ಒಂದು ನಂಬಿಗಸ್ತ ಮೂಗು. ಅಮ್ಮನನ್ನು ಕಾರಿನಲ್ಲಿ ಕೂರಿಸಿಕೊಂಡು ಊರ ಪಕ್ಕದಲ್ಲೇ ಇರುವ ಮಾಲೇಕಲ್ಲು ತಿರುಪತಿ ಬೆಟ್ಟದ ತನಕ ಹೋಗಿ ಬಂದೆ. ಅಮ್ಮ ನನಗಾಗಿ ನಾಯಿಯ ಹಾಗೆ ಮೂಸಿ ನೋಡಿದಳು. ಸೀಟು ಮೂಸಿದಳು, ಬಾಗಿಲು ಮೂಸಿದಳು, ನನ್ನನ್ನೂ ಮೂಸಿದಳು. 'ಪೆಟ್ರೋಲ್ ವಾಸನೆ ಒಸಿ ಐತೆ. ಬೇರೆ ಏನೂ ಇಲ್ಲ ಕಣೇ. ಯಾರಂದೋರು?' ಅಂದಳು.

'ಯಾರೂ ಇಲ್ಲ' ಅಂದೆ.

ಅಮ್ಮನ ಮೂಗು ಸುಳ್ಳು ಹೇಳುವುದಿಲ್ಲ. ಹಾಗಾದರೆ ಅವರು ಹೇಳುವ ವಾಸನೆ ಕಾರಿನಲ್ಲಿ ಇಲ್ಲ, ಅವರ ತಲೆಯಲ್ಲಿ ಇದೆ ಎಂದು ತೀರ್ಮಾನಿಸಿದೆ. ಲೆಕ್ಕ ಬಿಡಿಸಿದ ಸಮಾಧಾನ ಒಂದು ಕ್ಷಣ, ಆಮೇಲೆ ಎದೆಯಲ್ಲಿ ಬೆಂಕಿ. ಡಬ್ಬಿಗೆ ಕೈ ಹಾಕಿದವರೂ ಅಷ್ಟೇ ಹಾಗಾದರೆ? ನಂಬಲೂ ಆಗಲಿಲ್ಲ, ನಂಬದಿರಲೂ ಆಗಲಿಲ್ಲ. ಪಕ್ಕದ ಸೀಟಿನಲ್ಲಿ ನನ್ನ ಕೈಚೀಲ ಕೂರಲು ಶುರುವಾಯಿತು. ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋಗುವಾಗ ಮೇಡಂ ನಿಂತಿರುವುದು ಕಂಡರೆ ಗೇರು ಬದಲಿಸುವ ನೆಪದಲ್ಲಿ ಕೆಳಗೆ ನೋಡುತ್ತಿದ್ದೆ. ಸೂಪರಿಂಟೆಂಡೆಂಟರು ಮಾತ್ರ ದಿನಾ ಹತ್ತುತ್ತಿದ್ದರು, ಎರಡೂ ಕಿಟಕಿ ಇಳಿಸಿಕೊಂಡು, ಅರ್ಧ ತಲೆ ಹೊರಗೆ ಹಾಕಿ.

ಈ ನಡುವೆ ಕಾರು ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಅದನ್ನು ನಾನು ಗಮನಿಸಿದ್ದೆ, ಆದರೆ ಇದಕ್ಕೂ ಅದಕ್ಕೂ ಸಂಬಂಧವಿರಬಹುದೆಂದು ಹೊಳೆಯಲಿಲ್ಲ. ಮನಸ್ಸು ಆಗಲೇ ಒಂದು ಕಡೆ ವಾಲಿತ್ತಲ್ಲ.

ಗಂಟು ಬಿಚ್ಚಿಕೊಂಡದ್ದು ಕೆಮಿಸ್ಟ್ರಿ ಲ್ಯಾಬಿನ ಮುಂದೆ. ಎರಡನೇ ಪಿಯುಸಿಯವರ ಪ್ರಾಕ್ಟಿಕಲ್ ನಡೆಯುತ್ತಿತ್ತು. ಯಾವುದೋ ಲವಣಕ್ಕೆ ಆಸಿಡ್ ಹಾಕಿ ಹೊರಡುವ ಗಾಳಿಯನ್ನು ಪರೀಕ್ಷಿಸುವ ದಿನ. ನಾನು ಆ ವರಾಂಡದಲ್ಲಿ ಹೋಗುತ್ತಿದ್ದೆ. ಎದುರಿನಿಂದ ಇಂಗ್ಲಿಷ್ ಮೇಡಂ ಬಂದರು. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ದಾಟುವುದರಲ್ಲಿದ್ದೆವು. ಲ್ಯಾಬಿನ ಬಾಗಿಲು ತೆರೆಯಿತು, ಮಕ್ಕಳು ಮೂಗು ಹಿಡಿದುಕೊಂಡು ನಗುತ್ತಾ ಹೊರಗೆ ಬಂದರು. ಮೇಡಂ ಗಕ್ಕನೆ ನಿಂತರು. ಸೆರಗು ಮೂಗಿಗೆ ಹೋಯಿತು, ಬಾಯಿಂದ ಮಾತು ಬಂದುಬಿಟ್ಟಿತು.

'ಅಯ್ಯೋ, ಇದೇ ಕಣ್ರೀ! ನಿಮ್ಮ ಕಾರಿನ ವಾಸನೆ!'

ಮಕ್ಕಳ ಮುಂದೆ, ಅಷ್ಟು ಜೋರಾಗಿ. ಯಾರೋ ಕಪಾಳಕ್ಕೆ ಹೊಡೆದ ಹಾಗಾಯಿತು ನನಗೆ. ಹಿಂದೆಯೇ ಹೊರಬಂದ ಕೆಮಿಸ್ಟ್ರಿ ಸರ್, ಏನೂ ತಿಳಿಯದೆ ನಗುತ್ತಾ, 'ಇದು ಕೊಳೆತ ಮೊಟ್ಟೆಯ ವಾಸನೆ ಮೇಡಂ. ಗಂಧಕದ ಗಾಳಿ. ಕಾರಲ್ಲಿ ಎಲ್ಲಿಂದ ಬಂತು?' ಅಂದರು.

ಸಿಟ್ಟಿನ ನಡುವೆಯೂ ತಲೆಯ ಯಾವುದೋ ಮೂಲೆ ಲೆಕ್ಕ ಮಾಡುತ್ತಿತ್ತು. ಲ್ಯಾಬಿನ ಬಾಟಲಿಯಿಂದ ಬರುವ ವಾಸನೆ, ನನ್ನ ಕಾರಿನ ವಾಸನೆ, ಎರಡೂ ಒಂದೇ. ಅಂದರೆ ವಾಸನೆ ಇರುವುದು ನಿಜ. ಅವರ ತಲೆಯಲ್ಲಿಲ್ಲ. ನನ್ನ ಮೈಯಲ್ಲೂ ಇಲ್ಲ. ನಾನು ಮೇಡಂನ ಕೈ ಹಿಡಿದು ವರಾಂಡದ ಕೊನೆಗೆ, ನಲ್ಲಿಯ ಹತ್ತಿರ ಕರೆದುಕೊಂಡು ಹೋದೆ. ಎಳೆದುಕೊಂಡು ಹೋದೆ ಅಂದರೂ ಸರಿಯೇ.

'ಇಷ್ಟು ದಿನ ಯಾಕೆ ಹೇಳಲಿಲ್ಲ?' ಅಂದೆ.

'ನಾನು ಜನ್ಮದಲ್ಲಿ ಮೊಟ್ಟೆ ಮೂಸಿದವಳಲ್ಲ. ಅದು ಏನು ವಾಸನೆ ಅಂತಾನೇ ಗೊತ್ತಾಗಲಿಲ್ಲ. ನೀವಿಲ್ಲದಾಗ ಸೂಪರಿಂಟೆಂಡೆಂಟರನ್ನ ಕೇಳ್ದೆ. ಮೊಟ್ಟೆ ಕೊಳೆತಿರೋದು, ನೀವು ಮಾತ್ರ ಹೇಳಕ್ಕೆ ಹೋಗ್ಬೇಡಿ, ಅವರು ಬೇರೆ ಥರ ತಿಳ್ಕೋತಾರೆ ಅಂದ್ರು.'

'ನನ್ನ ಕಾರಲ್ಲಿ ಮೊಟ್ಟೆ ಯಾಕಿರುತ್ತೆ?'

'ನೀವು ತಿನ್ನೋರಲ್ವಾ. ಸಂತೆಯಿಂದ ತರುವಾಗ ಎಲ್ಲೋ ಒಡೆದಿರಬೇಕು ಅನ್ಕೊಂಡೆ. ಬೇರೆ ಯಾರಾದ್ರೂ ಆಗಿದ್ದರೆ ಮುಖಕ್ಕೆ ಹೇಳಿಬಿಡ್ತಿದ್ದೆ. ನಿಮಗೆ ಹೇಳಿದ್ರೆ ಅದು ಬರೀ ಕಾರಿನ ಮಾತಾಗಿ ಉಳೀತಿತ್ತಾ, ನೀವೇ ಹೇಳಿ.'

'ಹೇಳದೆ ಬಸ್ ಹತ್ತಿದ್ರಲ್ಲ, ಅದು ಏನು ಮಾತಾಯ್ತು?'

ಅವರು ತೊಟ್ಟಿಕ್ಕುತ್ತಿದ್ದ ನಲ್ಲಿಯನ್ನು ಬಿಗಿದರು. ಆಮೇಲೆ ಮೆಲ್ಲಗೆ ಅಂದರು. 'ದಿನಾ ನೀವೂ ಅದರಲ್ಲೇ ಕೂತಿರ್ತೀರಿ. ನಾನು ವಾಂತಿ ತಡ್ಕೊಂಡು ಕೂತಿದ್ರೆ ನೀವು ಆರಾಮಾಗಿ ಹಾಡು ಹಾಕ್ತಿದ್ರಿ. ಅವರಿಗೆ ಇದೊಂದು ವಾಸನೆ ಅಂತಾನೇ ಅನ್ಸಲ್ವೇನೋ ಅಂತ...' ಮಾತು ಅಲ್ಲಿಗೆ ನಿಂತಿತು. ತಾವು ಏನು ಹೇಳಲು ಹೊರಟಿದ್ದೇವೆಂದು ಅವರಿಗೇ ಗೊತ್ತಾಗಿ ಮುಖ ಸಪ್ಪೆಯಾಯಿತು.

ಅಲ್ಲಿಗೆ ಸುಮ್ಮನೆ ಹೊರಟುಬಿಡಬಹುದಿತ್ತು. ಯಾಕೋ ಹೊರಡಲಿಲ್ಲ. 'ನನಗೆ ವಾಸನೆ ಬರಲ್ಲ' ಅಂದೆ.

'ಅದೇ ನಾನೂ ಅಂದಿದ್ದು.'

'ಅದಲ್ಲ ರೀ. ಯಾವ ವಾಸನೆಯೂ ಬರಲ್ಲ. ಚಿಕ್ಕ ವಯಸ್ಸಿಂದ. ಮೂಗು ಸತ್ತುಹೋಗಿದೆ.'

ಅವರು ನನ್ನ ಮುಖವನ್ನೇ ನೋಡಿದರು. ನಗಲಿಲ್ಲ. 'ಮಲ್ಲಿಗೆ?' ಅಂದರು. ಇಲ್ಲ ಅಂದೆ. 'ಕಾಫಿ?' ಕಹಿ ಗೊತ್ತಾಗುತ್ತೆ, ಪರಿಮಳ ಇಲ್ಲ ಅಂದೆ. 'ಹೋದ ವರ್ಷ ನನ್ನ ಸೆಂಟು ತುಂಬಾ ಚೆನ್ನಾಗಿದೆ ಅಂತ ಹೊಗಳಿದ್ರಲ್ಲ?' ಅಂದರು. 'ಸುಳ್ಳು' ಅಂದೆ. ಅಷ್ಟರಲ್ಲಿ ಬೆಲ್ ಹೊಡೆಯಿತು. ಇಬ್ಬರಿಗೂ ಕ್ಲಾಸಿತ್ತು. ಆವತ್ತು ಸಂಜೆಯೂ ಅವರು ಬಸ್ಸಿಗೇ ಹೋದರು, ನಾನೂ ಕರೆಯಲಿಲ್ಲ. ನನಗೆ ಸಮಾಧಾನವಾಗಿತ್ತೋ ಇನ್ನಷ್ಟು ಸಿಟ್ಟು ಬಂದಿತ್ತೋ ಇವತ್ತಿಗೂ ಹೇಳಲಾರೆ. ವಾಸನೆ ನಿಜ ಎಂದಾಯಿತು, ಆದರೆ ಅದಕ್ಕೆ ಅವರು ನಮ್ಮ ಮನೆಯ ಮೊಟ್ಟೆಯನ್ನು ಕಾರಣ ಮಾಡಿಕೊಂಡದ್ದೂ ನಿಜವಲ್ಲವೇ.

ಮೆಕ್ಯಾನಿಕ್ಕಿಗೆ ಹೋಗಿ 'ಕೊಳೆತ ಮೊಟ್ಟೆ ವಾಸನೆ' ಎಂದು ಹೇಳಿದೆ. 'ಅದನ್ನ ಮೊದಲೇ ಅನ್ನೋದಲ್ವಾ ಮೇಡಂ! ಬ್ಯಾಟರಿ ಜಾಸ್ತಿ ಚಾರ್ಜ್ ಆದ್ರೆ ಹಂಗೇ ಬರೋದು' ಎಂದು ಅವನು ಬ್ಯಾಟರಿ ಬದಲಾಯಿಸಿದ. ಹೊಸ ಬ್ಯಾಟರಿ ಹಾಕಿಕೊಂಡು ಹೋದ ದಿನ ಸೂಪರಿಂಟೆಂಡೆಂಟರು ಜಾವಗಲ್ಲಿನಲ್ಲಿ ಹತ್ತಿದರು. ಸ್ವಲ್ಪ ದೂರ ಹೋಗಿ ನಾನು ಗಾಡಿ ನಿಲ್ಲಿಸಿ ಹಿಂದೆ ತಿರುಗಿದೆ. 'ಸಾರ್, ನನ್ನ ಮೂಗಿಗೆ ಏನೂ ಗೊತ್ತಾಗಲ್ಲ. ನೀವು ಈಗ ಬಿಡಿ ಮೇಡಂ ಅಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ. ಮೊಟ್ಟೆ ವಾಸನೆ ಇದೆಯೋ ಇಲ್ವೋ?'

ಅವರು ಕ್ಯಾರಿಯರ್ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡು, 'ಐತೆ ಮೇಡಂ. ಜಾಸ್ತಿನೇ ಐತೆ' ಅಂದರು. ಅಷ್ಟು ದಿನದ ಉಸಿರು ಒಟ್ಟಿಗೆ ಬಿಟ್ಟ ಹಾಗಿತ್ತು ಅವರ ದನಿ. ಆವತ್ತು ಅವರ ಮೇಲೆ ನನಗೆ ಪ್ರೀತಿ ಬಂತು.

ಮೆಕ್ಯಾನಿಕ್ಕೂ ನನ್ನ ಹಾಗೇ ಗಲಿಬಿಲಿಗೊಂಡಿದ್ದ. ಅವನ ಷೆಡ್ಡಿನಲ್ಲಿ ಸ್ಟಾರ್ಟ್ ಮಾಡಿದರೆ ಏನೂ ಇಲ್ಲ. ಊರೊಳಗೆ ಒಂದು ಸುತ್ತು ಹಾಕಿದರೆ ಏನೂ ಇಲ್ಲ. ಕೊನೆಗೆ ನಾನು ದಿನಾ ಹೋಗುವ ದಾರಿಯಲ್ಲೇ ಅವನನ್ನು ಕೂರಿಸಿಕೊಂಡು ಹೊರಟೆ. ಜಾವಗಲ್ಲಿನಲ್ಲಿ ಆವತ್ತು ಸಂತೆ, ಜನ, ಗಾಡಿ. ಎಂಜಿನ್ ಓಡುತ್ತಾ ನಿಂತಲ್ಲೇ ನಿಂತೆವು. ಅವನು ಇಳಿದು ಹಿಂದೆ ಹೋಗಿ ಹೊಗೆ ಕೊಳವೆಯ ಹತ್ತಿರ ಬಗ್ಗಿದವನು ಅಷ್ಟೇ ವೇಗದಲ್ಲಿ ಎದ್ದ. 'ಥೂ!' ಎಂದು ತಲೆ ಕೊಡವಿಕೊಂಡ. ಸಂತೆಗೆ ಬಂದವರು ನಿಂತು ನೋಡುತ್ತಿದ್ದರು. ನನಗೆ ಮಾತ್ರ ಹಬ್ಬದ ಹಾಗಿತ್ತು. ಸೂಪರಿಂಟೆಂಡೆಂಟರು ಕಾರಿಗೆ ತಂದದ್ದೇನೂ ಇರಲಿಲ್ಲ. ಡಾಕ್ಟರರು ಹೇಳಿದ್ದ ಆ ಹೊಗೆಯ ಡಬ್ಬ ಚೆನ್ನಾಗಿ ಕಾಯಲು ಅರಸೀಕೆರೆಯಿಂದ ಜಾವಗಲ್ಲಿನಷ್ಟು ದಾರಿ ಬೇಕಾಗಿತ್ತು, ಅಷ್ಟೇ. ಅಮ್ಮನನ್ನು ಕೂರಿಸಿಕೊಂಡು ಹೋದ ಮಾಲೇಕಲ್ಲು ಅದಕ್ಕೆ ಸಾಲುತ್ತಿರಲಿಲ್ಲ.

ಷೆಡ್ಡಿಗೆ ಬಂದು ಪ್ಲಗ್ಗು ಬಿಚ್ಚಿ ನೋಡಿದ, ಸೌದೆ ಒಲೆಯ ತಳದ ಹಾಗೆ ಕರ್ರಗೆ. 'ಪೆಟ್ರೋಲು ಪೂರ್ತಿ ಉರೀತಾ ಇಲ್ಲ' ಎಂದು ಕಾರ್ಬೊರೇಟರಿಗೆ ಕೈ ಹಾಕಿದ. ಚಳಿಗಾಲದ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲೆಂದು ನಾನು ದಿನಾ ಚೋಕ್ ಎಳೆಯುತ್ತಿದ್ದೆ, ಆಮೇಲೆ ಗುಂಡಿಯನ್ನು ತಪ್ಪದೆ ಒಳಗೆ ತಳ್ಳುತ್ತಿದ್ದೆ. ಗುಂಡಿ ಒಳಗೆ ಹೋಗುತ್ತಿತ್ತು, ಒಳಗಿನ ತಂತಿ ತುಕ್ಕು ಹಿಡಿದು ಅಲ್ಲೇ ನಿಲ್ಲುತ್ತಿತ್ತು. ದಾರಿಯುದ್ದಕ್ಕೂ ಎಂಜಿನ್ನಿಗೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಉರಿಯದೆ ಉಳಿದದ್ದೆಲ್ಲ ಹೋಗಿ ಆ ಡಬ್ಬದೊಳಗೆ ಸೇರುತ್ತಿತ್ತು. ಪೆಟ್ರೋಲಿನಲ್ಲಿ ಒಂದಿಷ್ಟು ಗಂಧಕ ಇದ್ದೇ ಇರುತ್ತದೆ, ಗಾಳಿ ಸಾಲದೆ ಹೋದರೆ ಡಬ್ಬದಲ್ಲಿ ಅದು ನಮ್ಮ ಲ್ಯಾಬಿನ ಗಾಳಿಯೇ ಆಗುತ್ತದೆ ಎಂದು ಆಮೇಲೆ ಕೆಮಿಸ್ಟ್ರಿ ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಅದರ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್ ಎಂದು ಕಲಿತದ್ದೂ ಆವತ್ತೇ. ಜೊತೆಗೆ ಡಿಕ್ಕಿಯ ಬಾಗಿಲಿನ ರಬ್ಬರು ಕಿತ್ತುಹೋಗಿ, ಹಿಂದಿನ ಹೊಗೆ ನೇರ ಒಳಗೆ ಬರುತ್ತಿತ್ತು. ಕಾಯಿ ಮೂಟೆ ಎಳೆದು ಎಳೆದು ನಾವೇ ಕಿತ್ತಿದ್ದು.

ಮೆಕ್ಯಾನಿಕ್ ಡಬ್ಬಕ್ಕೆ ಸ್ಪ್ಯಾನರಿನಿಂದ ತಟ್ಟಿದ. ಒಳಗೆ ಒಡೆದ ಮಡಕೆ ಚೂರಿನ ಸದ್ದು. 'ಒಳಗೆಲ್ಲ ಪುಡಿಯಾಗೈತೆ. ಕಿತ್ತಾಕಿ ಬರೀ ಪೈಪ್ ವೆಲ್ಡ್ ಮಾಡ್ಕೊಡ್ಲಾ? ಇಲ್ಯಾರು ಕೇಳ್ತಾರೆ?' ಅಂದ. ಬೇಡ, ಹೊಸದೇ ಹಾಕು ಅಂದೆ. ಇದರ ಹೊಗೆಯಲ್ಲಿ ಯಾವ ದೋಷವೂ ಉಳಿಯಬಾರದೆಂದು ನನಗೆ ಹಟ ಬಂದುಬಿಟ್ಟಿತ್ತು. ಡಬ್ಬ ಬೆಂಗಳೂರಿನಿಂದ ಬಸ್ಸಿನ ಮೇಲೆ ಪಾರ್ಸಲ್ ಆಗಿ ಬಂತು. ಚೋಕಿಗೆ ಹೊಸ ತಂತಿ, ಡಿಕ್ಕಿಗೆ ಹೊಸ ರಬ್ಬರು. 'ಈಗ ಮೂಸಿ ನೋಡಿ ಮೇಡಂ' ಎಂದು ಅವನು ಬೀಗದಕೈ ಕೊಟ್ಟ. ಮೂಸಿದೆ. ನನಗೇನು ಗೊತ್ತಾಗಬೇಕು?

ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಗಾಡಿ ಸರಿಹೋದದ್ದು ನಿಜವೋ ಅಲ್ಲವೋ ನಾನು ಇನ್ನೊಬ್ಬರ ಬಾಯಿಂದಲೇ ತಿಳಿಯಬೇಕು. ಎರಡು ದಿನ ಹಿಂದೆ ಮುಂದೆ ನೋಡಿ, ಕೊನೆಗೆ ಇಂಗ್ಲಿಷ್ ಮೇಡಂ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, 'ಒಂದು ಸಲ ಬೇಲೂರಿನ ತನಕ ಬನ್ನಿ. ಮೂಗು ಬೇಕಾಗಿದೆ' ಅಂದೆ. ಹಾಗೆ ಕೇಳಲು ನನಗೇ ನಾಚಿಕೆಯಾಯಿತು. ಅವರು ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದರು.

ಜಾವಗಲ್ ದಾಟಿತು. ಹಳೇಬೀಡು ದಾಟಿತು. ಬೇಲೂರಿನಲ್ಲಿ ಬಸ್ ಸ್ಟ್ಯಾಂಡಿನ ಎದುರು ಎಂಜಿನ್ ಆರಿಸದೆ ನಿಲ್ಲಿಸಿದೆ. 'ಈಗ?' ಅಂದೆ. ಅವರು ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡರು. 'ಇಲ್ಲ ಕಣ್ರೀ. ಏನೂ ಇಲ್ಲ.'

ಸೋಮವಾರದಿಂದ ಮತ್ತೆ ಪಕ್ಕದ ಸೀಟಿಗೆ ಬಂದರು. ನಾನು ಕೈಚೀಲ ಹಿಂದಕ್ಕೆ ಹಾಕಿದೆ. ಆದರೆ ಜಾವಗಲ್ ಬಂದ ಕೂಡಲೇ ನನ್ನ ಕಣ್ಣು ಅವರ ಮೂಗಿನ ಮೇಲೆ ಹೋಗುತ್ತಿತ್ತು. 'ಇದೆಯಾ?' ಅನ್ನುತ್ತಿದ್ದೆ. 'ಇಲ್ಲ' ಅನ್ನುತ್ತಿದ್ದರು. ದಿನಾ ಅದೇ. ಅವರ ಇಲ್ಲ ನಿಜವೋ, ಮತ್ತೆ ಬಾಯಿ ಕಟ್ಟಿಕೊಂಡು ಕೂತಿದ್ದಾರೋ? ಹಿಂದೆಯೂ ಸುಮ್ಮನಿದ್ದವರೇ ಅಲ್ಲವೇ. ಅವರು ಕಿಟಕಿ ಇಳಿಸಿದರೆ ಅನುಮಾನ, ಸೀನಿದರೆ ಅನುಮಾನ. ನಗುತ್ತಾ ಮಾತಾಡುತ್ತಿದ್ದೆವು, ಆದರೆ ಹಿಂದಿನ ಹಾಗೆ ಜಗಳವಾಡುತ್ತಿರಲಿಲ್ಲ. ಇಬ್ಬರೂ ತೀರಾ ಒಳ್ಳೆಯವರಾಗಿಬಿಟ್ಟಿದ್ದೆವು. ಆ ಒಳ್ಳೆಯತನ ನನಗೆ ಸಾಕುಸಾಕಾಗಿತ್ತು.

ಬೇಸಿಗೆ ಶುರುವಾಗುವ ಹೊತ್ತು. ಒಂದು ಭಾನುವಾರ ಅಮ್ಮನನ್ನು ಬಿಕ್ಕೋಡಿನ ಚಿಕ್ಕಮ್ಮನ ಮನೆಗೆ ಕರೆದುಕೊಂಡು ಹೋಗಿ ಬಂದಿದ್ದೆ. ಮಾರನೆಯ ಬೆಳಿಗ್ಗೆ ಎಂದಿನ ಹಾಗೆ ಮೇಡಂ ಮನೆ ಮುಂದೆ ಗಾಡಿ ನಿಲ್ಲಿಸಿದೆ. ಅವರು ಬಾಗಿಲು ತೆಗೆದು ಕೂತರು. ಕೂತವರೇ ಮತ್ತೆ ಇಳಿದರು.

'ಅಯ್ಯಪ್ಪಾ! ಇವತ್ತು ವಾಸನೆ ಇದೆ ಕಣ್ರೀ! ಡಿಕ್ಕಿಲಿ ಏನಿಟ್ಟಿದೀರಿ?' ಇಡೀ ಬೀದಿಗೆ ಕೇಳುವ ಹಾಗೆ ಅಂದರು.

ಹಿಂದೆ ಹೋಗಿ ತೆಗೆದು ನೋಡಿದೆ. ಚಿಕ್ಕಮ್ಮ ಅಮ್ಮನಿಗೆ ಕಟ್ಟಿಕೊಟ್ಟಿದ್ದ ಒಣಮೀನಿನ ಗಂಟು. ಅಮ್ಮ ಇಳಿಸಿಕೊಳ್ಳುವುದು ಮರೆತಿದ್ದಳು. 'ಒಣಮೀನು' ಅಂದೆ. ಈ ಸಲ ತಪ್ಪನ್ನು ಡಬ್ಬದ ಮೇಲೆ, ಚೋಕಿನ ಮೇಲೆ ಹಾಕುವ ಹಾಗಿರಲಿಲ್ಲ. ಅದು ನಮ್ಮ ಮನೆಯದೇ ವಾಸನೆ. ಅವರ ಮುಖದಲ್ಲಿ ಏನು ಬರುತ್ತದೋ ಎಂದು ನೋಡುತ್ತಾ ನಿಂತೆ.

'ನೀವು ತಿನ್ನಿ, ನನ್ನನ್ನ ಯಾಕ್ರೀ ಸಾಯಿಸ್ತೀರಿ ಬೆಳಿಗ್ಗೆ ಬೆಳಿಗ್ಗೆ? ಇದರ ಜೊತೆ ಹಳೇಬೀಡು ತನಕ ನನಗಾಗಲ್ಲ. ತಿರುಗ್ಸಿ, ಮನೇಲಿ ಕೊಟ್ಟು ಹೋಗೋಣ' ಎಂದು ಎರಡೂ ಗಾಜು ಇಳಿಸಿ, ಮೂಗಿಗೆ ಸೆರಗು ಒತ್ತಿಕೊಂಡು ಮತ್ತೆ ಪಕ್ಕದ ಸೀಟಿನಲ್ಲಿ ಕೂತರು. 'ಇನ್ಮೇಲೆ ಬಿಕ್ಕೋಡಿಗೆ ಹೋದ್ರೆ ಮನೆಗೆ ಬಂದ ತಕ್ಷಣ ಡಿಕ್ಕಿ ನೋಡಿ ಮಾರಾಯ್ರೆ' ಎಂದು ಸೆರಗಿನೊಳಗಿನಿಂದಲೇ ಬೈಯುತ್ತಿದ್ದರು.

ಗಾಡಿ ತಿರುಗಿಸುತ್ತಿದ್ದ ನನಗೆ ಕಣ್ಣು ಮಂಜಾಯಿತು. ಇವತ್ತು ಇದೆ ಎಂದು ಮುಖಕ್ಕೆ ಹೇಳಿದ್ದರಿಂದ, ಅಷ್ಟು ದಿನ ಇಲ್ಲ ಇಲ್ಲ ಎಂದು ಅವರು ಹೇಳುತ್ತಾ ಬಂದದ್ದೆಲ್ಲ ನಿಜವೇ ಎಂದು ನನಗೆ ಆಗ ನಂಬಿಕೆ ಬಂತು.